ಕೂಸಿನ ಓರೆದಲೆಯೂ ಹೆಲ್ಮೆಟ್ ಚಿಕಿತ್ಸೆಯೂ

ಹೆಲ್ಮೆಟ್ ಎಂದೊಡನೆ ಪುಣೆಯ ನಿವಾಸಿಗೆ ನೆನಪಾಗುವುದು ದ್ವಿಚಕ್ರವಾಹನ. ಅದರೊಂದಿಗೆ, ಅದರ ಕಡ್ಡಾಯವನ್ನು ಕುರಿತು ಈ ಊರಿನಲ್ಲಿ ಮೇಲಿಂದ ಮೇಲೆ ಏಳುವ ವಾದವಿವಾದ. ಈಚಿನ ವರ್ಷಗಳಲ್ಲಿ ಅದೇ ಹೆಸರಿನ ಬೇರೊಂದು ವಸ್ತು ನಮ್ಮ ಮನೆಗಳ ಮಾತುಕತೆಯೊಳಗೆ ಬಂದು ಸೇರಿದೆ. ಅದು ಪೆಟ್ಟಿನಿಂದ ಕಾಯುವ ಸಾಧನವಲ್ಲ. ಹಸುಗೂಸಿನ ತಲೆಯ ಹಿಂಭಾಗ ಒಂದು ಮಗ್ಗುಲಿಗೆ ಚಪ್ಪಟೆಯಾಗಿದ್ದರೆ ಅದನ್ನು ದುಂಡಗೆ ತರುವುದಕ್ಕಾಗಿ ತಿಂಗಳುಗಟ್ಟಲೆ ತೊಡಿಸಿಡುವ ಹಗುರಾದ ಶಿರಸ್ತ್ರಾಣವದು.

ಮೂರು ವರ್ಷಗಳ ಹಿಂದೆ ಈ ಪ್ರಶ್ನೆ ನನ್ನ ತಂಗಿಯ ಮನೆಗೇ ಬಂದಿತು. ಅವಳ ಎರಡನೆಯ ಕೂಸಿಗೆ ಆಗ ನಾಲ್ಕು ತಿಂಗಳು. ತಲೆಯ ಹಿಂಭಾಗ ಬಲಗಡೆಗೆ ಚಪ್ಪಟೆಯಾಗಿ, ಬಲಗಿವಿ ಎಡಗಿವಿಗಿಂತ ತುಸು ಮುಂದಕ್ಕೆ ಬಂದಂತೆ ಕಾಣುತ್ತಿತ್ತು. ಧಾರವಾಡದಿಂದ ಬಂದಿದ್ದ ಅವಳ ಅತ್ತೆಯವರು, "ಎರಿಯೋವಾಗ ತಲಿ ಒತ್ತಿ ಗುಂಡಗ ಮಾಡಬೇಕಿತ್ತು, ಯಾರೂ ಮಾಡಲಿಲ್ಲ" ಎಂದರು. ಕೂಸಿನ ತಂದೆ ಹೆಲ್ಮೆಟ್ಟಿನ ವಿಚಾರವನ್ನು ಎಲ್ಲೆಲ್ಲಿಂದಲೋ ಓದಿಕೊಂಡು ಬಂದಿದ್ದರು. ತಂಗಿ ನನ್ನನ್ನು ಕೇಳಿದ ಮಾತು ಬೇರೆ: "ಅಣ್ಣಾ, ಈಗ ಖರ್ಚಿಗೆ ಹಿಂದ ಮುಂದ ನೋಡಿ ಬಿಟ್ಟರ, ದೊಡ್ಡವನಾದ ಮ್ಯಾಲ ಇಂವ ನಮ್ಮನ್ನ ಕೇಳಂಗಿಲ್ಲೇನು?"

ವೈದ್ಯನಲ್ಲದ ನನ್ನಂಥವನು ಈ ಮಾತಿಗೆ ಉತ್ತರ ಕೊಡುವಂತಿರಲಿಲ್ಲ. ಆದರೆ ಉತ್ತರವನ್ನು ಹುಡುಕುವ ಕ್ರಮವನ್ನಾದರೂ ತಿಳಿದುಕೊಳ್ಳಬಹುದೆಂದು ಅಂದಿನಿಂದ ಈ ವಿಷಯದ ಬರಹಗಳನ್ನು ಓದುತ್ತ ಬಂದೆನು. ಆ ಓದಿನ ಸಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಇದು ಮಕ್ಕಳ ವೈದ್ಯರ ಪರೀಕ್ಷೆಗೆ ಬದಲಿಯಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳಿತು.

೧. ತಲೆಬುರುಡೆಯ ರಚನೆ

ಹುಟ್ಟಿದ ಕೂಸಿನ ತಲೆಬುರುಡೆ ಒಂದೇ ಎಲುಬಿನ ಗಡಿಗೆಯಲ್ಲ. ಅದು ಹಲವು ಎಲುಬಿನ ಫಲಕಗಳ ಜೋಡಣೆ. ಆ ಫಲಕಗಳ ನಡುವೆ ಮೆದುವಾದ ಸಂಧಿಗಳಿರುತ್ತವೆ. ಸುಶ್ರುತಸಂಹಿತೆಯ ಮರ್ಮವಿಚಾರದಲ್ಲಿ ತಲೆಯ ಐದು ಸಂಧಿಗಳಿಗೆ 'ಸೀಮಂತ'ವೆಂಬ ಹೆಸರಿದೆ. ಬೈತಲೆಗೂ ಇದೇ ಶಬ್ದ ಸಲ್ಲುವುದನ್ನು ಎಲ್ಲರೂ ಬಲ್ಲರು. ಸಂಧಿಗಳು ಕೂಡುವೆಡೆಯಲ್ಲಿ ನಮ್ಮ ಹೆಂಗಸರು 'ನೆತ್ತಿ' ಎಂದು ಕರೆದು ಎಣ್ಣೆಯಿಡುವ ಮೆತ್ತನೆಯ ಜಾಗವಿದೆ. ಹಿಂದಿನ ಸಣ್ಣ ನೆತ್ತಿ ಸಾಮಾನ್ಯವಾಗಿ ಎರಡು ಮೂರು ತಿಂಗಳೊಳಗೆ ಮುಚ್ಚುತ್ತದೆ. ಮುಂದಿನ ದೊಡ್ಡ ನೆತ್ತಿ ಹೆಚ್ಚುಕಡಿಮೆ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ.

ಈ ಬಿಡಿ ರಚನೆಗೆ ಎರಡು ಪ್ರಯೋಜನಗಳುಂಟು. ಹೆರಿಗೆಯ ಕಾಲದಲ್ಲಿ ತಲೆ ಇಕ್ಕಟ್ಟಾದ ದಾರಿಯಲ್ಲಿ ತುಸು ಅಮುಕಿಕೊಂಡು ಹೊರಬರಬಲ್ಲುದು. ಅನಂತರ ಒಳಗಿನ ಮಿದುಳು ಬೆಳೆದಂತೆ ಬುರುಡೆಯೂ ಅದರೊಂದಿಗೆ ಹಿಗ್ಗಬಲ್ಲುದು. ಆ ಹಿಗ್ಗುವಿಕೆಯ ವೇಗವೇ ನಮ್ಮ ವಿಷಯದ ಕೀಲಿಕೈ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಂತೆ ಗಂಡುಕೂಸಿನ ತಲೆಯ ಸುತ್ತಳತೆಯ ಮಧ್ಯಮಾನ ಹುಟ್ಟುವಾಗ ೩೪.೫ ಸೆಂಟಿಮೀಟರ್, ಮೂರು ತಿಂಗಳಿಗೆ ೪೦.೫, ಆರು ತಿಂಗಳಿಗೆ ೪೩.೩, ಒಂದು ವರ್ಷಕ್ಕೆ ೪೬.೧. ಎಂದರೆ ವರ್ಷದ ಬೆಳವಣಿಗೆಯಲ್ಲಿ ಅರ್ಧಕ್ಕೂ ಹೆಚ್ಚು ಮೊದಲಿನ ಮೂರು ತಿಂಗಳಲ್ಲಿಯೇ ಆಗಿಬಿಡುತ್ತದೆ. ಉಳಿದ ಒಂಬತ್ತು ತಿಂಗಳಿಗೆ ಉಳಿಯುವುದು ಅರ್ಧಕ್ಕಿಂತ ಕಡಿಮೆ.

ಮೆತ್ತನೆಯ, ವೇಗವಾಗಿ ಬೆಳೆಯುವ ಈ ಬುರುಡೆ ಒಂದೇ ಜಾಗದ ಮೇಲೆ ಬಹುಕಾಲ ಊರಿಕೊಂಡಿದ್ದರೆ ಅಲ್ಲಿ ಬೆಳವಣಿಗೆ ತಡೆಯುತ್ತದೆ. ಉಳಿದ ಕಡೆಗೆ ಹೆಚ್ಚುತ್ತದೆ. ಒಂದು ಮಗ್ಗುಲಿಗೆ ಹೀಗಾದರೆ ವೈದ್ಯರು ಅದನ್ನು ಪ್ಲೇಜಿಯೊಸೆಫಲಿ ಎನ್ನುತ್ತಾರೆ. ಗ್ರೀಕ್ ಮೂಲದಲ್ಲಿ ಅದರ ಅರ್ಥ ಓರೆಯಾದ ತಲೆ. ಆದುದರಿಂದ ಇಲ್ಲಿ 'ಓರೆದಲೆ' ಎಂಬ ಶಬ್ದವನ್ನು ಬಳಸಿದ್ದೇನೆ. ಹಿಂಭಾಗವೆಲ್ಲ ಸಮವಾಗಿ ಚಪ್ಪಟೆಯಾಗಿ ತಲೆ ಅಗಲವಾಗಿ ಕಂಡರೆ ಅದಕ್ಕೆ ಬ್ರ್ಯಾಕಿಸೆಫಲಿ ಎಂದು ಹೆಸರು.

೨. ಈ ಪ್ರಶ್ನೆ ಈಗೇಕೆ ಎದ್ದಿತು?

ಪಶ್ಚಿಮ ದೇಶಗಳಲ್ಲಿ ಬಹುಕಾಲ ಕೂಸುಗಳನ್ನು ಬೋರಲಾಗಿ ಮಲಗಿಸುವ ವಾಡಿಕೆಯಿತ್ತು; ಹೆಸರಾಂತ ಮಕ್ಕಳ ವೈದ್ಯರೇ ಅದನ್ನು ಶಿಫಾರಸು ಮಾಡಿದ್ದರು. ಆರೋಗ್ಯವಾಗಿದ್ದ ಕೂಸು ನಿದ್ದೆಯಲ್ಲಿಯೇ, ಯಾವ ಕಾರಣವೂ ಕಾಣದೆ, ತೀರಿಕೊಳ್ಳುವ ದುರಂತಕ್ಕೂ ಈ ಬೋರಲು ನಿದ್ದೆಗೂ ಸಂಬಂಧವಿದೆಯೆಂಬುದು ೧೯೮೦ರ ದಶಕದ ಕೊನೆಯ ಹೊತ್ತಿಗೆ ಸ್ಪಷ್ಟವಾಗತೊಡಗಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ೧೯೯೨ರಲ್ಲಿ, ಕೂಸನ್ನು ನಿದ್ದೆಗೆ ಬೋರಲಾಗಿ ಮಲಗಿಸಬಾರದೆಂದು ಸಾರಿತು. ೧೯೯೪ರಿಂದ ಅಲ್ಲಿ ದೇಶವ್ಯಾಪಿ ಪ್ರಚಾರ ನಡೆಯಿತು. ೧೯೯೨ರಲ್ಲಿ ಸಾವಿರ ಜನನಗಳಿಗೆ ಸುಮಾರು ೧.೨ರಷ್ಟಿದ್ದ ಇಂಥ ಹಠಾತ್ ಶಿಶುಮರಣ ಹತ್ತು ವರ್ಷಗಳಲ್ಲಿ ೦.೬ಕ್ಕಿಂತ ಕೆಳಗಿಳಿಯಿತು. ಇಷ್ಟು ಸುಲಭವಾದ ಉಪಾಯದಿಂದ ಇಷ್ಟು ಜೀವಗಳು ಉಳಿದ ಉದಾಹರಣೆ ವೈದ್ಯಶಾಸ್ತ್ರದಲ್ಲಿ ವಿರಳ.

ಈ ಗೆಲವಿನ ಬೆನ್ನಿಗೇ, ತಲೆಯ ಹಿಂಭಾಗ ಚಪ್ಪಟೆಯಾದ ಕೂಸುಗಳ ಸಂಖ್ಯೆ ಹೆಚ್ಚಿತೆಂದು ೧೯೯೬ರ ಹೊತ್ತಿಗೆ ಅಲ್ಲಿಯ ಶಸ್ತ್ರವೈದ್ಯರು ಬರೆಯತೊಡಗಿದರು. ಕೆನಡದ ಕ್ಯಾಲ್ಗರಿಯಲ್ಲಿ ೪೪೦ ಕೂಸುಗಳನ್ನು ಏಳರಿಂದ ಹನ್ನೆರಡು ವಾರದ ವಯಸ್ಸಿನಲ್ಲಿ ನೋಡಿ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ೪೬.೬ ಕೂಸುಗಳಲ್ಲಿ ಓರೆದಲೆ ಕಂಡುಬಂದಿತು. ಅವುಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನವು ಸೌಮ್ಯ ಬಗೆಯವು. ನ್ಯೂಜಿಲೆಂಡಿನಲ್ಲಿ ಕೂಸುಗಳನ್ನು ಎರಡು ವರ್ಷ ಬೆನ್ನುಹಿಡಿದು ನೋಡಿ ೨೦೦೪ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಓರೆದಲೆಯ ಪ್ರಮಾಣ ನಾಲ್ಕನೆಯ ತಿಂಗಳಲ್ಲಿ ನೂರಕ್ಕೆ ೧೯.೭ರಷ್ಟಿದ್ದು, ಎರಡು ವರ್ಷದ ಹೊತ್ತಿಗೆ ೩.೩ಕ್ಕೆ ಇಳಿದಿತ್ತು. ಅಳೆಯುವ ಕ್ರಮ ಬೇರೆಯಾದ್ದರಿಂದ ಈ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲಾಗದು. ಆದರೆ ಎರಡರಿಂದಲೂ ಹೊರಡುವ ತಾತ್ಪರ್ಯ ಒಂದೇ: ಓರೆದಲೆ ಬಹು ಸಾಮಾನ್ಯ; ಅದರಲ್ಲಿ ಬಹುಪಾಲು ಕಾಲಕ್ರಮದಲ್ಲಿ ಕಣ್ಣಿಗೆ ಬೀಳದಷ್ಟು ತಗ್ಗುತ್ತದೆ.

೩. ನಮ್ಮ ಮನೆಗಳ ರೂಢಿ

ಪಶ್ಚಿಮದವರಿಗೆ ಹೊಸದಾಗಿ ಕಂಡ ಈ ಸಂಗತಿ ನಮ್ಮ ಹಿರಿಯರಿಗೆ ಹೊಸದಲ್ಲ. ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸುವ ವಾಡಿಕೆ ನಮ್ಮಲ್ಲಿ ಮೊದಲಿನಿಂದ ಇದ್ದುದರಿಂದ, ತಲೆ ಚಪ್ಪಟೆಯಾಗುವುದನ್ನೂ ಅವರು ಬಲ್ಲರು. ಅದಕ್ಕಾಗಿಯೇ ಕರ್ನಾಟಕದಲ್ಲಿ ಸಾಸಿವೆಯ ದಿಂಬು, ಮಹಾರಾಷ್ಟ್ರದಲ್ಲಿ ಅದೇ ಬಗೆಯ ಮೋಹರಿಯ ಉಶಿ ಬಳಕೆಯಲ್ಲಿವೆ. ಎಣ್ಣೆ ಹಚ್ಚಿ ಎರೆಯುವಾಗ ತಲೆಯನ್ನು ಅಂಗೈಯಿಂದ ಒತ್ತಿ ದುಂಡಗೆ ಮಾಡುವ ರೂಢಿಯೂ ಎರಡೂ ಕಡೆಗೆ ಉಂಟು. ನೆತ್ತಿಯ ಮೇಲೆ ಎಣ್ಣೆಯಲ್ಲಿ ನೆನೆದ ಅರಳೆಯಿಡುವ ಕ್ರಮ ಅಷ್ಟಾಂಗಹೃದಯದಷ್ಟು ಹಳೆಯದು.

ಈ ರೂಢಿಗಳನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದೂ ಸರಿಯಲ್ಲ, ಒಂದೇ ಮಾತಿನಲ್ಲಿ ಒಪ್ಪುವುದೂ ಸರಿಯಲ್ಲ. ಬಿಡಿಬಿಡಿಯಾಗಿ ನೋಡಬೇಕು. ನೆತ್ತಿಗೆ ಹಗುರಾಗಿ ಎಣ್ಣೆ ಸವರುವುದರಿಂದ ತಲೆಯ ಆಕಾರ ಬದಲಾಗದು. ಒತ್ತುವುದರಿಂದಲೂ ಪ್ರಯೋಜನವಿಲ್ಲ: ದಿನಕ್ಕೆ ಕೆಲವು ನಿಮಿಷದ ಒತ್ತು ಉಳಿದ ಇಪ್ಪತ್ತಮೂರು ಗಂಟೆಗಳ ಭಾರವನ್ನು ಸರಿದೂಗಿಸಲಾರದು, ಬಲವಾಗಿ ಒತ್ತಿದರೆ ಅಪಾಯವೂ ಉಂಟು. ಅತ್ತೆಯವರ ಆಕ್ಷೇಪಣೆಗೆ ಇಷ್ಟು ಉತ್ತರ ಸಾಕು. ಒತ್ತದೆ ಬಿಟ್ಟುದರಿಂದ ಯಾವ ತಾಯಿಯೂ ತಪ್ಪುಗಾರಳಾಗುವುದಿಲ್ಲ.

ದಿಂಬಿನ ಮಾತು ಇನ್ನೂ ಗಂಭೀರವಾದುದು. ಒಂದು ವರ್ಷದೊಳಗಿನ ಕೂಸಿನ ಹಾಸಿಗೆಯಲ್ಲಿ ದಿಂಬು, ಮೆತ್ತನೆಯ ಕೌದಿ, ಬಟ್ಟೆಯ ಗಂಟು ಯಾವುದೂ ಇರಕೂಡದೆಂಬುದು ಇಂದಿನ ನಿಶ್ಚಿತ ಉಪದೇಶ. ಮೂಗು ಬಾಯಿ ಮುಚ್ಚಿಕೊಂಡಾಗ ತಲೆಯನ್ನು ಹೊರಳಿಸುವ ಶಕ್ತಿ ಎಳೆಗೂಸಿಗಿಲ್ಲ. ತಲೆಯನ್ನು ದುಂಡಗೆ ಮಾಡುತ್ತದೆಂದು ಮಾರುವ ಶಿಶುದಿಂಬುಗಳನ್ನು ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೨೦೨೨ರಲ್ಲಿ ಬಹಿರಂಗವಾಗಿ ಎಚ್ಚರಿಸಿತು. ನಮ್ಮ ಸಾಸಿವೆಯ ದಿಂಬಿಗೂ ಅದೇ ತರ್ಕ ಅನ್ವಯಿಸುತ್ತದೆ. ತಲೆ ಚಪ್ಪಟೆಯಾಯಿತೆಂದು ಕೂಸನ್ನು ರಾತ್ರಿ ಬೋರಲಾಗಿ ಮಲಗಿಸುವುದಂತೂ ರೂಪಕ್ಕಾಗಿ ಜೀವವನ್ನು ಪಣಕ್ಕಿಟ್ಟಂತೆ.

ಆದರೆ ಹಳೆಯ ಬಾಣಂತನದಲ್ಲಿ ಉಳಿಸಿಕೊಳ್ಳತಕ್ಕ ಒಂದು ಅಂಶವಿದೆ. ಎರೆಯುವಾಕೆ ಕಾಲು ಚಾಚಿ ಕುಳಿತು, ಕೂಸನ್ನು ತನ್ನ ಕಾಲಿನ ಮೇಲೆ ಬೋರಲಾಗಿ ಹಾಕಿಕೊಂಡು ಬೆನ್ನು ತಿಕ್ಕುತ್ತಾಳಷ್ಟೆ. ಆಗ ಕೂಸು ಕತ್ತೆತ್ತಲು ಹವಣಿಸುತ್ತದೆ. ಅನಂತರ ಅಜ್ಜಿ, ಚಿಕ್ಕಮ್ಮ, ನೆರೆಯವಳು ಎಂದು ಕೂಸು ಹೆಗಲಿಂದ ಹೆಗಲಿಗೆ ದಾಟುತ್ತಿತ್ತು. ಎಚ್ಚರವಾಗಿರುವಾಗ, ಹಿರಿಯರ ಕಣ್ಣೆದುರಿಗೆ, ಕೂಸನ್ನು ದಿನಕ್ಕೆ ಎರಡು ಮೂರು ಸಲ ಕೆಲವು ನಿಮಿಷ ಬೋರಲಾಗಿ ಹಾಕಿರೆಂದು ಇಂದಿನ ವೈದ್ಯರು ಹೇಳುವುದು ಇದರ ಇನ್ನೊಂದು ರೂಪವೇ. ಊರು ಬಿಟ್ಟು ಬಂದ ನಮ್ಮ ಚಿಕ್ಕ ಸಂಸಾರಗಳಲ್ಲಿ ಕೂಸನ್ನು ಎತ್ತುವ ಕೈಗಳು ಕಡಿಮೆಯಾಗಿವೆ. ಹಾಸಿಗೆ, ತೂಗುಕುರ್ಚಿ, ಕಾರಿನ ಆಸನಗಳಲ್ಲಿ ಕಳೆಯುವ ಗಂಟೆಗಳು ಹೆಚ್ಚಾಗಿವೆ. ಬಿಟ್ಟುಹೋದದ್ದು ಒತ್ತುವ ಕೈಯಲ್ಲ, ಎತ್ತುವ ಕೈ.

೪. ಮೊದಲು ಮಾಡಬೇಕಾದ ಪರೀಕ್ಷೆ

ಹೆಲ್ಮೆಟ್ಟಿನ ಮಾತಿಗಿಂತ ಮುಂಚೆ ಎರಡು ಸಂಗತಿಗಳನ್ನು ವೈದ್ಯರು ನಿರ್ಧರಿಸಿ ಹೇಳಬೇಕು.

ಮೊದಲನೆಯದು, ಬುರುಡೆಯ ಯಾವುದಾದರೊಂದು ಸಂಧಿ ಕಾಲಕ್ಕೆ ಮುಂಚೆ ಬೆಸೆದುಕೊಂಡಿದೆಯೇ ಎಂಬುದು. ಇದಕ್ಕೆ ಕ್ರೇನಿಯೋಸಿನೊಸ್ಟೋಸಿಸ್ ಎಂದು ಹೆಸರು. ಇದು ವಿರಳ; ತಲೆಯ ಹಿಂಭಾಗದ ಸಂಧಿ ಹೀಗೆ ಬೆಸೆಯುವುದು ಲಕ್ಷ ಜನನಗಳಿಗೆ ಕೆಲವೇ ಕೂಸುಗಳಲ್ಲಿ. ಆದರೆ ಇದರ ಚಿಕಿತ್ಸೆ ಬೇರೆ. ಸಾಮಾನ್ಯವಾಗಿ ಶಸ್ತ್ರಕ್ರಿಯೆ ಬೇಕಾಗುತ್ತದೆ. ಮಲಗುವಿಕೆಯಿಂದಾದ ಓರೆದಲೆಯಲ್ಲಿ, ಮೇಲಿನಿಂದ ನೋಡಿದರೆ ತಲೆ ಒಂದು ಕಡೆಗೆ ಜರುಗಿದ ಚತುರ್ಭುಜದಂತೆ ಕಾಣುತ್ತದೆ. ಚಪ್ಪಟೆಯಾದ ಮಗ್ಗುಲಿನ ಕಿವಿ ಮುಂದಕ್ಕೆ ಸರಿದಿರುತ್ತದೆ, ಅದೇ ಮಗ್ಗುಲಿನ ಹಣೆಯೂ ತುಸು ಮುಂದೆ ಬಂದಿರುತ್ತದೆ. ಸಂಧಿಯ ಬೆಸುಗೆಯಲ್ಲಿ ಆ ಕಿವಿ ಹಿಂದಕ್ಕೂ ಕೆಳಕ್ಕೂ ಎಳೆದಂತಿರುವುದುಂಟು. ಸಂಧಿಯ ಮೇಲೆ ಕೈಯಾಡಿಸಿದರೆ ಏಣು ಸಿಗಬಹುದು. ಹುಟ್ಟಿದಾಗಲೇ ಇದ್ದು ಹೆಚ್ಚುತ್ತ ಹೋಗುವ ವಿಕಾರ, ಸುತ್ತಳತೆ ಬೆಳೆಯದಿರುವುದು, ನೆತ್ತಿ ಬಹು ಬೇಗ ಮುಚ್ಚಿದ್ದು, ಇವನ್ನು ಕಂಡರೆ ತಡಮಾಡದೆ ತಜ್ಞರಲ್ಲಿಗೆ ಹೋಗಬೇಕು. ಅನುಭವವುಳ್ಳ ವೈದ್ಯರು ಹೆಚ್ಚಿನ ಕೂಸುಗಳಲ್ಲಿ ಕಣ್ಣು ಕೈಗಳಿಂದಲೇ ಇದನ್ನು ತಿಳಿಯಬಲ್ಲರು. ಎಲ್ಲ ಕೂಸುಗಳಿಗೂ ಸ್ಕ್ಯಾನ್ ಬೇಕಾಗಿಲ್ಲ.

ಎರಡನೆಯದು, ಕತ್ತಿನ ಒಂದು ಮಗ್ಗುಲಿನ ಸ್ನಾಯು ಬಿಗಿದಿದೆಯೇ ಎಂಬುದು. ಇದು ಟಾರ್ಟಿಕಾಲಿಸ್. ಇಂಥ ಕೂಸು ಯಾವಾಗಲೂ ಒಂದೇ ಕಡೆಗೆ ಮುಖ ಮಾಡಿ ಮಲಗುತ್ತದೆ. ತಲೆ ಓರೆಯಾಗುವುದು ಅದರ ಫಲ. ಇಲ್ಲಿ ಕತ್ತಿಗೆ ಅಂಗಮರ್ದನ ತಜ್ಞರು, ಎಂದರೆ ಫಿಜಿಯೊಥೆರಪಿಯವರು, ಕಲಿಸಿಕೊಡುವ ವ್ಯಾಯಾಮವೇ ಮೂಲ ಚಿಕಿತ್ಸೆ. ಕತ್ತನ್ನು ಬಿಟ್ಟು ತಲೆಯನ್ನಷ್ಟೇ ನೋಡಿದರೆ ಸಾಲದು.

ಈ ವ್ಯಾಯಾಮದ ಬೆಲೆಯನ್ನು ನೆದರ್ಲೆಂಡ್ಸಿನಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಏಳನೆಯ ವಾರದಲ್ಲಿ ಒಂದೇ ಕಡೆಗೆ ತಿರುಗುವ ರೂಢಿ ಕಂಡ ೬೫ ಕೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಾಲ್ಕು ತಿಂಗಳ ಕಾಲ ಫಿಜಿಯೊಥೆರಪಿ, ಇನ್ನೊಂದಕ್ಕೆ ವಾಡಿಕೆಯ ಆರೈಕೆ ಕೊಟ್ಟರು. ೨೦೦೮ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದ ಹೊತ್ತಿಗೆ ತೀವ್ರ ಓರೆದಲೆ ಉಳಿದದ್ದು ಮೊದಲನೆಯ ಗುಂಪಿನಲ್ಲಿ ನೂರಕ್ಕೆ ೨೪, ಎರಡನೆಯದರಲ್ಲಿ ೫೬. ಗುಂಪುಗಳು ಸಣ್ಣವು ನಿಜ. ಆದರೆ ಬೆಳವಣಿಗೆಯ ಪಟ್ಟಿ ಹೇಳುವ ಮಾತಿಗೆ ಇದು ಪೂರ್ತಿ ಹೊಂದುತ್ತದೆ. ಎರಡನೆಯ ತಿಂಗಳಲ್ಲಿ ಹಾಸಿಗೆಯ ದಿಕ್ಕನ್ನು ಬದಲಿಸುವುದು ಆರನೆಯ ತಿಂಗಳಲ್ಲಿ ಹೆಲ್ಮೆಟ್ ಕೊಳ್ಳುವುದಕ್ಕಿಂತ ಲಾಭದ ಕೆಲಸ.

ಮನೆಯಲ್ಲಿ ಮಾಡತಕ್ಕದ್ದು ಇಷ್ಟು: ಅಂಗಾತವೇ ಮಲಗಿಸಿ, ಮುಖವನ್ನು ದುಂಡಗಿರುವ ಮಗ್ಗುಲಿನ ಕಡೆಗೆ ಹೊರಳಿಸುವುದು, ಕಿಟಕಿಯ ಬೆಳಕು, ಗಿಲಿಕೆ, ತಾಯಿಯ ದನಿ ಅದೇ ಕಡೆಯಿಂದ ಬರುವಂತೆ ತೊಟ್ಟಿಲನ್ನು ತಿರುಗಿಸಿಡುವುದು, ಹಾಲೂಡಿಸುವಾಗ ತೊಡೆಯ ಬದಿಯನ್ನು ಬದಲಿಸುತ್ತಿರುವುದು, ಎಚ್ಚರದ ಹೊತ್ತಿನಲ್ಲಿ ಬೋರಲಾಗಿ ಆಡಿಸುವುದು, ಆದಷ್ಟು ಎತ್ತಿಕೊಳ್ಳುವುದು.

೫. ಹೆಲ್ಮೆಟ್ ಏನು ಮಾಡುತ್ತದೆ?

ಹೆಲ್ಮೆಟ್ ತಲೆಯನ್ನು ಅಮುಕುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಕೂಸಿನ ತಲೆಯ ಅಚ್ಚನ್ನು ತೆಗೆದು, ಅಥವಾ ಬೆಳಕಿನ ಯಂತ್ರದಿಂದ ಅಳೆದು, ಉಬ್ಬಿದ ಭಾಗಕ್ಕೆ ತಾಗುವಂತೆ, ಚಪ್ಪಟೆಯಾದ ಭಾಗದಲ್ಲಿ ಬರಿದು ಜಾಗ ಇರುವಂತೆ ಅದನ್ನು ಮಾಡುತ್ತಾರೆ. ತಲೆ ಬೆಳೆಯುವಾಗ ತಡೆಯಿಲ್ಲದ ಕಡೆಗೆ ಬೆಳೆಯುತ್ತದೆ. ಎಂದರೆ ಕೆಲಸ ಮಾಡುವುದು ಕೂಸಿನ ಬೆಳವಣಿಗೆ. ಹೆಲ್ಮೆಟ್ ದಿಕ್ಕನ್ನಷ್ಟೇ ತೋರಿಸುತ್ತದೆ. ಆದುದರಿಂದಲೇ ಬೆಳವಣಿಗೆಯ ವೇಗ ಇಳಿದ ಮೇಲೆ ಅದರ ಉಪಯೋಗವೂ ಇಳಿಯುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳ ನಡುವೆ ಆರಂಭಿಸುತ್ತಾರೆ. ದಿನಕ್ಕೆ ೨೩ ಗಂಟೆ ತೊಡಿಸಬೇಕು. ಬೆಳೆದಂತೆ ಮೇಲಿಂದ ಮೇಲೆ ಸರಿಪಡಿಸಬೇಕು.

ಈ ಚಿಕಿತ್ಸೆಯನ್ನು ಅಮೆರಿಕದ ವೈದ್ಯ ಸ್ಟರ್ಲಿಂಗ್ ಕ್ಲಾರೆನ್ ಮತ್ತು ಸಂಗಡಿಗರು ೧೯೭೯ರಲ್ಲಿ ವರ್ಣಿಸಿದರು. ಅಲ್ಲಿಯ ಔಷಧ ಆಡಳಿತ ೧೯೯೮ರಲ್ಲಿ ಇದನ್ನು ನಿಯಂತ್ರಿತ ವೈದ್ಯಕೀಯ ಸಾಧನಗಳ ವರ್ಗಕ್ಕೆ ಸೇರಿಸಿತು. ತೊಡಿಸಿದ ಕೂಸುಗಳ ತಲೆ ದುಂಡಗಾದುದನ್ನು ತೋರಿಸುವ ವರದಿಗಳು ಬಹಳ ಬಂದವು. ಆದರೆ ತೊಡಿಸದಿದ್ದರೆ ಏನಾಗುತ್ತಿತ್ತು?

ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುತ್ತ ಬಂದ ನನಗೆ ಈ ಪ್ರಶ್ನೆ ಪರಿಚಿತ. ಸಾಲ ಪಡೆದ ಅಂಗಡಿ ಬೆಳೆಯಿತೆಂದರೆ ಸಾಲದಿಂದಲೇ ಬೆಳೆಯಿತೆಂದು ಹೇಳಲಾಗದು. ಅದೇ ಪೇಟೆಯಲ್ಲಿ ಸಾಲ ಪಡೆಯದ ಅಂಗಡಿಗಳೂ ಆ ವರ್ಷ ಬೆಳೆದಿರಬಹುದು. ಎರಡನ್ನೂ ಜೊತೆಗಿಟ್ಟು ನೋಡಿದಾಗಲೇ ಲೆಕ್ಕ ಸರಿಹೋಗುವುದು.

ಹೀಗೆ ಜೊತೆಗಿಟ್ಟು ನೋಡಿದ ಪರೀಕ್ಷೆ ನೆದರ್ಲೆಂಡ್ಸಿನಲ್ಲಿ ನಡೆದು, ೨೦೧೪ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಐದಾರು ತಿಂಗಳ, ಮಧ್ಯಮದಿಂದ ತೀವ್ರದವರೆಗಿನ ಓರೆದಲೆಯ ೮೪ ಕೂಸುಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆರು ತಿಂಗಳು ಹೆಲ್ಮೆಟ್ ತೊಡಿಸಿದರು. ಇನ್ನೊಂದನ್ನು ಸಹಜ ಬೆಳವಣಿಗೆಗೆ ಬಿಟ್ಟರು. ಎರಡು ವರ್ಷದ ವಯಸ್ಸಿನಲ್ಲಿ ಪೂರ್ತಿ ಸರಿಯಾದವರು ಹೆಲ್ಮೆಟ್ಟಿನ ಗುಂಪಿನಲ್ಲಿ ನೂರಕ್ಕೆ ೨೬, ತೊಡದ ಗುಂಪಿನಲ್ಲಿ ೨೩. ಎರಡು ಗುಂಪುಗಳಲ್ಲಿಯೂ ಸುಧಾರಣೆಯ ಸರಾಸರಿ ಹೆಚ್ಚುಕಡಿಮೆ ಒಂದೇ. ಹೆಲ್ಮೆಟ್ ತೊಟ್ಟ ಎಲ್ಲ ಕೂಸುಗಳ ತಾಯಿತಂದೆಗಳೂ ಒಂದಿಲ್ಲೊಂದು ತೊಂದರೆಯನ್ನು ಹೇಳಿದರು: ಚರ್ಮ ಕೆಂಪಾಗುವುದು, ಬೆವರು, ವಾಸನೆ, ಅಪ್ಪಿಕೊಂಡಾಗ ನಡುವೆ ಗಟ್ಟಿಯಾದ ಚಿಪ್ಪು.

ಈ ಪರೀಕ್ಷೆಗೂ ಮಿತಿಗಳುಂಟು. ಆಹ್ವಾನಿಸಿದವರಲ್ಲಿ ಒಪ್ಪಿ ಬಂದವರು ಐದರಲ್ಲಿ ಒಬ್ಬರಷ್ಟು ಮಾತ್ರ. ಅತಿ ತೀವ್ರವಾದ ಓರೆದಲೆಯ ಕೂಸುಗಳನ್ನೂ ಕತ್ತು ಬಿಗಿದ ಕೂಸುಗಳನ್ನೂ ಅದರಲ್ಲಿ ಸೇರಿಸಿರಲಿಲ್ಲ. ಹಲವರಲ್ಲಿ ಹೆಲ್ಮೆಟ್ ಸರಿಯಾಗಿ ಕೂಡುತ್ತಿರಲಿಲ್ಲವೆಂಬ ಆಕ್ಷೇಪಣೆಯೂ ಬಂದಿತು. ಆದುದರಿಂದಲೇ ಅಮೆರಿಕದ ನರಶಸ್ತ್ರವೈದ್ಯರ ಕಾಂಗ್ರೆಸ್ ೨೦೧೬ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಮಗ್ಗುಲು ಬದಲಿಸುವುದನ್ನೂ ವ್ಯಾಯಾಮವನ್ನೂ ಮಾಡಿ ನೋಡಿದ ಮೇಲೆಯೂ ಮಧ್ಯಮ ಅಥವಾ ತೀವ್ರ ಓರೆ ಉಳಿದಿದ್ದರೆ ಹೆಲ್ಮೆಟ್ಟನ್ನು ಶಿಫಾರಸು ಮಾಡಿದೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಾದರೋ, ಪ್ರಮಾಣ ಸ್ಪಷ್ಟವಿಲ್ಲವೆಂದು ಸಾಮಾನ್ಯವಾಗಿ ಅದನ್ನು ಶಿಫಾರಸು ಮಾಡುವುದಿಲ್ಲ. ತಿಳಿದವರೇ ಹೀಗೆ ಎರಡಾಗಿರುವಾಗ, ಯಾವ ದಾರಿ ಹಿಡಿದ ತಾಯಿತಂದೆಗಳನ್ನೂ ಅವಿವೇಕಿಗಳೆನ್ನಲಾಗದು.

ಮಿದುಳಿನ ಚಿಂತೆಯೂ ಒಂದುಂಟು. ಮಧ್ಯಮ ಹಾಗೂ ತೀವ್ರ ಓರೆದಲೆಯಿದ್ದ ಮಕ್ಕಳು ಶಾಲೆಯ ವಯಸ್ಸಿನಲ್ಲಿ ಕೆಲವು ಪರೀಕ್ಷೆಗಳಲ್ಲಿ ಸರಾಸರಿಯಾಗಿ ತುಸು ಕಡಿಮೆ ಅಂಕ ಪಡೆದರೆಂದೂ, ಸೌಮ್ಯ ಬಗೆಯವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲವೆಂದೂ ಅಮೆರಿಕದ ಸಂಶೋಧಕರು ೨೦೧೯ರಲ್ಲಿ ಬರೆದರು. ಆದರೆ ಚಪ್ಪಟೆತನ ಮಿದುಳನ್ನು ಕುಗ್ಗಿಸಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ನಿಧಾನವಾಗಿ ಕತ್ತೆತ್ತುವ, ಕಡಿಮೆ ಹೊರಳುವ ಕೂಸಿನ ತಲೆಯೇ ಹೆಚ್ಚು ಚಪ್ಪಟೆಯಾಗುವುದು ಸಹಜ. ಇಲ್ಲಿ ಓರೆದಲೆ ಕಾರಣವಲ್ಲ, ಸೂಚನೆ. ಆದುದರಿಂದ ಕೂಸು ಕತ್ತೆತ್ತುವುದನ್ನೂ ಹೊರಳುವುದನ್ನೂ ಕೂಡುವುದನ್ನೂ ಗಮನಿಸಬೇಕು. ಹೆಲ್ಮೆಟ್ ತೊಡಿಸಿದರೆ ಬುದ್ಧಿ ಬೆಳೆಯುತ್ತದೆಂದು ಯಾರಾದರೂ ಹೇಳಿದರೆ ಅದಕ್ಕೆ ಆಧಾರವಿಲ್ಲ.

೬. ಸಮವಾದ ತಲೆ ಯಾರಿಗಿದೆ?

ಇಲ್ಲಿ ಪುಣೆಯವರಿಗೇ ಸೇರಿದ ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. ತಲೆಯ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವ 'ಶಿರಸೂಚಿ'ಯನ್ನು ಇಂದು ಹೆಲ್ಮೆಟ್ ಮಾಡುವವರೂ ಬಳಸುತ್ತಾರೆ. ಅದನ್ನು ಬಳಕೆಗೆ ತಂದವನು ಹತ್ತೊಂಬತ್ತನೆಯ ಶತಮಾನದ ಸ್ವೀಡನ್ನಿನ ಆಂಡರ್ಸ್ ರೆಟ್ಜಿಯಸ್. ಬಹುಕಾಲ ಈ ಅಳತೆ ಕೂಸುಗಳಿಗಾಗಿ ಅಲ್ಲ, ಜನಾಂಗಗಳನ್ನು ಮೇಲುಕೀಳೆಂದು ವಿಂಗಡಿಸುವುದಕ್ಕಾಗಿ ಬಳಕೆಯಾಯಿತು. ನಮ್ಮ ದೇಶದಲ್ಲಿ ೧೯೦೧ರ ಜನಗಣತಿಯ ಮುಖ್ಯಾಧಿಕಾರಿ ಹರ್ಬರ್ಟ್ ರಿಸ್ಲಿ ಜಾತಿಗಳನ್ನು ತಲೆ ಮೂಗುಗಳ ಅಳತೆಯಿಂದ ವಿವರಿಸಲು ಹೊರಟದ್ದು ಪ್ರಸಿದ್ಧವಾಗಿದೆ.

ಮುಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮಾನವಶಾಸ್ತ್ರದ ಸಂಶೋಧನೆಯನ್ನು ಬೆಳೆಸಿದ ಇರಾವತಿ ಕರ್ವೆಯವರು ೧೯೨೦ರ ದಶಕದ ಕೊನೆಯಲ್ಲಿ ಬರ್ಲಿನ್ನಿಗೆ ಹೋಗಿ ಓಯ್ಗೆನ್ ಫಿಶರನ ಕೈಕೆಳಗೆ ಡಾಕ್ಟರೇಟಿಗಾಗಿ ಅಭ್ಯಾಸ ಮಾಡಿದರು. ಅವರ ಪ್ರಬಂಧದ ವಿಷಯ ಮನುಷ್ಯನ ತಲೆಬುರುಡೆಯ ಸಹಜ ಅಸಮತೆ. ಬುರುಡೆಯ ಎಡಬಲಗಳ ಅಂತರಕ್ಕೂ ಜನಾಂಗದ ಮೇಲ್ಮೆಗೂ ಸಂಬಂಧವಿದೆಯೆಂಬುದು ಗುರುವಿನ ಊಹೆ. ಕರ್ವೆಯವರು ೧೪೯ ಬುರುಡೆಗಳನ್ನು ಅಳೆದು, ಆ ಅಸಮತೆಗೂ ಜನಾಂಗಕ್ಕೂ ಸಂಬಂಧವಿಲ್ಲವೆಂದು, ಗುರುವಿನ ಮತಕ್ಕೆ ವಿರುದ್ಧವಾಗಿ ಬರೆದರು. ಆ ಕಾಲದ ಬರ್ಲಿನ್ನಿನಲ್ಲಿ, ಪರದೇಶದ ವಿದ್ಯಾರ್ಥಿನಿಯೊಬ್ಬಳು ಹೀಗೆ ಬರೆಯುವುದು ಸಣ್ಣ ಧೈರ್ಯವಲ್ಲ.

ಆ ಪ್ರಬಂಧದ ಹೆಸರಿನಲ್ಲಿರುವ 'ಸಹಜ' ಎಂಬ ವಿಶೇಷಣ ನಮ್ಮ ಪ್ರಶ್ನೆಗೂ ಬೆಳಕು ಕೊಡುತ್ತದೆ. ಎಡಬಲಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರುವ ತಲೆ ಮನುಷ್ಯರಲ್ಲಿ ಸಿಗುವುದಿಲ್ಲ. ಯಂತ್ರ ತೋರಿಸುವ ಮಿಲಿಮೀಟರುಗಳನ್ನು ಓದುವಾಗ ಇದನ್ನು ಮರೆಯಬಾರದು. ಯಾವ ಅಂತರದಿಂದ ಮುಂದಕ್ಕೆ ಓರೆಯೆನ್ನಬೇಕೆಂಬ ಗೆರೆಯನ್ನು ಮನುಷ್ಯರೇ ಎಳೆದಿದ್ದಾರೆ. ಆ ಗೆರೆ ಎಲ್ಲೆಡೆಯೂ ಒಂದೇ ಕಡೆಗಿಲ್ಲ. ಹಿಂದೆ ಅಳತೆಯಿಂದ ಜನಾಂಗಗಳ ಬೆಲೆ ಕಟ್ಟಲು ಹೋದುದು ತಪ್ಪಾಯಿತು. ಇಂದು ಅಳತೆಯಿಂದ ತಾಯಿಯ ಅಕ್ಕರೆಯ ಬೆಲೆ ಕಟ್ಟುವುದೂ ತಪ್ಪೇ.

೭. ನಿರ್ಧಾರದ ಕ್ರಮ

ಇಷ್ಟನ್ನೆಲ್ಲ ಕೂಡಿಸಿದರೆ ತಾಯಿತಂದೆಗಳ ಮುಂದಿರುವ ದಾರಿ ಸಾಕಷ್ಟು ಸ್ಪಷ್ಟವಾಗುತ್ತದೆ. ಒರೆ ಕಂಡ ಕೂಡಲೆ, ಮೊದಲಿನ ಎರಡು ಮೂರು ತಿಂಗಳಲ್ಲಿ, ವೈದ್ಯರಿಗೆ ತೋರಿಸಿ ಸಂಧಿಯನ್ನೂ ಕತ್ತನ್ನೂ ಪರೀಕ್ಷಿಸಿಕೊಳ್ಳಬೇಕು. "ತಾನೇ ಸರಿಹೋಗುತ್ತದೆ" ಎಂದು ಕೂಡುವುದು ಈ ಹಂತದಲ್ಲಿ ತಪ್ಪು. ಅನಂತರ ಆರರಿಂದ ಎಂಟು ವಾರ ಮಗ್ಗುಲು ಬದಲಿಸುವುದನ್ನು, ಬೇಕಾದರೆ ವ್ಯಾಯಾಮವನ್ನು, ನಿಷ್ಠೆಯಿಂದ ನಡೆಸಬೇಕು. ತಿಂಗಳಿಗೊಮ್ಮೆ ಮೇಲಿನಿಂದ ಒಂದು ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಹೋಲಿಸಲು ಅನುಕೂಲ. ಐದಾರು ತಿಂಗಳ ಹೊತ್ತಿಗೆ ಸೌಮ್ಯ ಓರೆ ಉಳಿದಿದ್ದರೆ ಹೆಲ್ಮೆಟ್ ಬೇಡ. ತೀವ್ರವಾಗಿ ಉಳಿದು, ಮುಖದ ಎಡಬಲಗಳೂ ಬೇರೆಯಾಗಿ ಕಾಣುತ್ತಿದ್ದರೆ, ಹೆಲ್ಮೆಟ್ಟಿನ ವಿಚಾರ ಮಾಡುವುದಕ್ಕೆ ಅದೇ ಕಾಲ. ಆಗ ಕೇಳಬೇಕಾದ ಪ್ರಶ್ನೆಗಳು: ಅಳತೆ ತೆಗೆಯುವವರು ಹೆಲ್ಮೆಟ್ ಮಾರುವವರೇ, ಅಥವಾ ಬೇರೆಯವರೇ? ಸರಿಪಡಿಸಲು ಎಷ್ಟು ಸಲ ಹೋಗಬೇಕು? ಪುಣೆಯ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ೨೩ ಗಂಟೆ ತೊಡಿಸುವುದು ಈ ಮನೆಯಲ್ಲಿ ಸಾಧ್ಯವೇ? ಈ ಖರ್ಚಿನಿಂದ ಮನೆಯ ಬೇರೆ ಅಗತ್ಯಕ್ಕೆ ಕೊರತೆಯಾಗುವುದೇ? ಇವು ಅಕ್ಕರೆಯಿಲ್ಲದವರು ಕೇಳುವ ಪ್ರಶ್ನೆಗಳಲ್ಲ.

ನನ್ನ ತಂಗಿಯ ಕೂಸಿಗೆ ಕತ್ತು ಬಲಗಡೆಗೆ ಬಿಗಿದಿದೆಯೆಂದು ವೈದ್ಯರು ಕಂಡುಹಿಡಿದರು. ಎರಡು ತಿಂಗಳು ವ್ಯಾಯಾಮ ನಡೆಯಿತು. ಒತ್ತಲಿಲ್ಲವೆಂದು ಆಕ್ಷೇಪಿಸಿದ ಅತ್ತೆಯವರೇ ದಿನಾಲು ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಆಡಿಸಿದರು. ಆರನೆಯ ತಿಂಗಳಲ್ಲಿ ಓರೆ ಮಧ್ಯಮದಿಂದ ಸೌಮ್ಯಕ್ಕೆ ಇಳಿದಿತ್ತು. ಹೆಲ್ಮೆಟ್ ಬೇಡವೆಂದು ನಿರ್ಧರಿಸಿದರು. ಇಂದು ಅವನ ತಲೆಯಲ್ಲಿ ಆ ಚಪ್ಪಟೆ ಕೈಯಾಡಿಸಿದರೆ ಸಿಗುತ್ತದೆ, ನೋಡಿದರೆ ಕಾಣುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರ ಮಗಳಿಗೆ ಓರೆ ತೀವ್ರವಾಗಿತ್ತು. ಅವರು ಐದು ತಿಂಗಳು ಹೆಲ್ಮೆಟ್ ತೊಡಿಸಿದರು, ತೃಪ್ತರಾದರು. ಇವೆರಡೂ ದೃಷ್ಟಾಂತಗಳು, ಪ್ರಮಾಣಗಳಲ್ಲ.

ತಂಗಿಯ ಪ್ರಶ್ನೆಗೆ ಮಾತ್ರ ಇಂದು ಉತ್ತರ ಹೇಳಬಲ್ಲೆ. ಮಗ ದೊಡ್ಡವನಾಗಿ ಕೇಳಿದರೆ ಅವಳು ಹೀಗೆನ್ನಬಹುದು: ನಿನ್ನನ್ನು ಅಂಗಾತ ಮಲಗಿಸಿದ್ದು ನಿನ್ನ ಜೀವದ ಸಲುವಾಗಿ; ಅದರಿಂದ ತಲೆ ತುಸು ಚಪ್ಪಟೆಯಾಯಿತು. ಕಂಡ ಕೂಡಲೆ ತೋರಿಸಿದೆವು, ಮಾಡಬೇಕಾದುದನ್ನು ಮಾಡಿದೆವು, ಉಳಿದುದನ್ನು ತಿಳಿದೇ ಬಿಟ್ಟೆವು. ಹೆಲ್ಮೆಟ್ ತೊಡಿಸಿದ ತಾಯಿಯೂ ಕೊನೆಯ ಒಂದು ಮಾತನ್ನು ಬದಲಿಸಿ ಇದನ್ನೇ ಹೇಳಬಹುದು. ಹೀಗೆ ಹೇಳಬಲ್ಲ ತಾಯಿತಂದೆಗಳು ಯಾವ ದಾರಿಯನ್ನು ಹಿಡಿದಿದ್ದರೂ ಅವರಿಂದ ಕರ್ತವ್ಯಲೋಪವಾಗಿಲ್ಲ.